ಢಾಕಾದಲ್ಲಿ ಗಲಾಟೆ, ಸುಂಟಿಕೊಪ್ಪದಲ್ಲಿ ಅಡ್ವಾನ್ಸ್: ಪಕ್ಕದ ದೇಶ ಹೊತ್ತಿಕೊಂಡರೆ ಬಿಸಿ ಎಲ್ಲಿಯ ತನಕ ಬರುತ್ತೆ?

ತೋಟದಕ್ಕ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ತಿನ್ನುತ್ತಿದೆ. ವ್ಯಾಪಾರ ಗೊತ್ತಿರುವವರು, ಓದಿಕೊಂಡವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮದು ಆರು ಎಕರೆ ರೊಬಸ್ಟಾ ಕಾಫಿ. ಸಿಲ್ವರ್ ಮರಕ್ಕೆ ಮೆಣಸು ಹಬ್ಬಿಸಿದ್ದೇವೆ. ಮಹಡಿ ಮೇಲೆ ಎರಡು ರೂಮ್ ಹೋಮ್‌ಸ್ಟೇ. ಊರಿನ ಆಳು ಸಿಗದೆ ಐದಾರು ವರ್ಷದಿಂದ ಲೈನ್‌ಮನೆಯಲ್ಲಿ, ಅಂದ್ರೆ ತೋಟದ ಆಳುಗಳ ಸಾಲುಮನೆಯಲ್ಲಿ, ಪಶ್ಚಿಮ ಬಂಗಾಳದ ಒಂದು ಸಂಸಾರ ಇದೆ. ಗಂಡ, ಹೆಂಡತಿ, ಒಬ್ಬ ಮಗ. ಕೂಚ್‌ಬಿಹಾರ್ ಜಿಲ್ಲೆಯವರು. ಆತ ಕನ್ನಡ ಕಲಿತಿದ್ದಾನೆ, ಆದರೆ ಎಲ್ಲದಕ್ಕೂ 'ಹೋಯ್ತು' ಅನ್ನುತ್ತಾನೆ. ಚಿಗುರು ತೆಗೆದಾಯ್ತಾ ಅಂದ್ರೂ ಹೋಯ್ತು, ಊಟ ಆಯ್ತಾ ಅಂದ್ರೂ ಹೋಯ್ತು.

2024ರ ಆಗಸ್ಟ್. ಮಳೆ ಬಿಡುವೇ ಇರಲಿಲ್ಲ. ಸಂಜೆ ಆದರೆ ಈ ಮನುಷ್ಯ ಕಣದ ಹಿಂದಿನ ಬಂಡೆ ಮೇಲೆ ಕೊಡೆ ಹಿಡಿದು ನಿಂತಿರುತ್ತಿದ್ದ. ನಮ್ಮಲ್ಲಿ ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ. ನಾಲ್ಕು ದಿನ ಹಾಗೇ ನಿಂತ. ಐದನೇ ದಿನ ಅಡುಗೆಮನೆ ಬಾಗಿಲಿಗೆ ಬಂದು 5,000 ಅಡ್ವಾನ್ಸ್ ಕೇಳಿದ. ಅವನು ಹಾಗೆಲ್ಲ ಕೇಳುವವನಲ್ಲ. ಯಾಕಪ್ಪಾ ಅಂದೆ. ತಮ್ಮನಿಗೆ ಕೆಲಸ ಇಲ್ಲ ಮೇಡಂ, ಬಾರ್ಡರ್ ಹೋಯ್ತು ಅಂದ.

ತಮ್ಮ ಚಂಗ್ರಾಬಾಂಧಾ ಅನ್ನೋ ಗಡಿ ಊರಲ್ಲಿ ಲಾರಿ ಲೋಡ್ ಮಾಡುವವನು. ಆ ಕಡೆ ಬಾಂಗ್ಲಾದೇಶದ ಬುರಿಮಾರಿ. ಆಗಸ್ಟ್ 5ಕ್ಕೆ ಢಾಕಾದ ಗಲಾಟೆಯಲ್ಲಿ ಅಲ್ಲಿಯ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟು ನಮ್ಮ ಕಡೆ ಬಂದರಲ್ಲ, ಅದರ ಬೆನ್ನಿಗೇ ಕೆಲವು ದಿನ ಗಡಿ ವ್ಯಾಪಾರ ನಿಂತಿತು. ಲಾರಿ ಇಲ್ಲ ಅಂದ್ರೆ ಕೂಲಿ ಇಲ್ಲ. ಅಣ್ಣನ ಹತ್ತಿರ ಕೇಳಿದ, ಅಣ್ಣ ನನ್ನ ಹತ್ತಿರ ಕೇಳಿದ. ಪ್ರಧಾನಿ ಮನೆಯಿಂದ ಜನ ಕುರ್ಚಿ, ಸೀರೆ ಹೊತ್ತುಕೊಂಡು ಹೋಗುವುದನ್ನು ನಾನು ಟಿವಿಯಲ್ಲಿ ಚಹಾ ಕುಡೀತಾ ನೋಡಿದ್ದೆ. ಅದರ ಬಿಲ್ಲು ನಮ್ಮ ಅಡುಗೆಮನೆಗೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಈ ಮಾತು ತೆಗೆದರೆ ನಮ್ಮ ಭಾವ ನಕ್ಕರು. ಅವರವರ ದೇಶದ ಜಗಳ ಅವರವರಿಗೆ, ನಿನಗ್ಯಾಕೆ ಅಂದರು. ಹಾಗಾದ್ರೆ 2016ರ ಸೆಪ್ಟೆಂಬರ್ ನೆನಪಿದೆಯಾ ಅಂದೆ. ಕಾವೇರಿ ಗಲಾಟೆ. ಬಸ್ ಸುಟ್ಟದ್ದು ಬೆಂಗಳೂರಿನಲ್ಲಿ. ಸುಂಟಿಕೊಪ್ಪದಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಆದರೂ ಆ ವಾರ ನನ್ನ ಎರಡೂ ರೂಮ್ ಕ್ಯಾನ್ಸಲ್. ಫೋನ್ ಮಾಡಿದವರು 'ಅಲ್ಲೆಲ್ಲ ಸೇಫಾ?' ಅಂತಲೂ ಕೇಳಲಿಲ್ಲ, ನೇರವಾಗಿ ದುಡ್ಡು ವಾಪಸ್ ಕೇಳಿದರು.

ನನ್ನ ಪ್ರಶ್ನೆ ಇಷ್ಟೇ. ಒಂದು ದೇಶದಲ್ಲಿ ದಂಗೆ ಆದರೆ ಪಕ್ಕದವರ ದುಡ್ಡು-ಕಾಸಿಗೆ, ಬದುಕಿಗೆ ಪೆಟ್ಟು ಬೀಳೋದು ಯಾವ ದಾರಿಯಲ್ಲಿ? ಎಲ್ಲರಿಗೂ ನಷ್ಟವೇನಾ, ಲಾಭ ಆಗುವವರೂ ಇದ್ದಾರಾ?

ಹಳೇ ಗುಮಾಸ್ತ, ಕುಶಾಲನಗರ

ಅಕ್ಕಾ, ನಾನು ನಮ್ಮೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ 31 ವರ್ಷ ಲೆಕ್ಕ ಬರೆದವನು. ಈಗ ರಿಟೈರ್ಡ್. ನಮ್ಮ ಯಜಮಾನರು ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡೋದು ಮಳೆ ಸುದ್ದಿ, ಎರಡನೇದು ಆಫ್ರಿಕಾದಲ್ಲಿ ಎಲ್ಲಾದರೂ ಗಲಾಟೆಯಾ ಅಂತ. ಹಾಗಾಗಿ ನನಗೆ ಗೊತ್ತಿರೋದೆಲ್ಲ ಕಾಫಿ ಮೂಟೆ ಮೇಲೆ ಕೂತು ಕಲಿತದ್ದು.

ಭಾವನಿಗೆ ಐವರಿ ಕೋಸ್ಟ್ ಕಥೆ ಹೇಳಿ. ನಮ್ಮ ಹಾಗೇ ರೊಬಸ್ಟಾ ಬೆಳೆಯುವ ದೇಶ, ಕೋಕೋದಲ್ಲಿ ಪ್ರಪಂಚಕ್ಕೇ ಮೊದಲು. ಅಲ್ಲಿಯ ತೋಟಗಳಿಗೂ ಊರಿನ ಆಳು ಸಾಲದು. ಉತ್ತರದ ಬುರ್ಕಿನಾ ಫಾಸೋ, ಮಾಲಿ ದೇಶಗಳಿಂದ ಜನ ಬರುತ್ತಾರೆ. ಬಂದವರು ಅಲ್ಲೇ ಮನೆ ಮಾಡಿಕೊಂಡು, ಮಕ್ಕಳು ಹುಟ್ಟಿ, ಎರಡು ಮೂರು ತಲೆಮಾರು ಆಗಿತ್ತು. 2002ರ ಸೆಪ್ಟೆಂಬರ್‌ನಲ್ಲಿ ಸೈನಿಕರ ದಂಗೆ ಶುರುವಾಯಿತು. ದೇಶ ಉತ್ತರ, ದಕ್ಷಿಣ ಅಂತ ಎರಡು ಹೋಳಾಯಿತು.

ಈಗ ಬುರ್ಕಿನಾ ನೋಡಿ. ಅವರಿಗೆ ಸಮುದ್ರ ಇಲ್ಲ. ಐವರಿ ಕೋಸ್ಟಿನ ಅಬಿಜಾನ್ ಬಂದರಿನಿಂದ ಅವರ ರಾಜಧಾನಿ ವಾಗಡೂಗುವಿಗೆ ಒಂದು ರೈಲು ದಾರಿ. ಅದೇ ಅವರ ಬಾಯಿ, ಅದೇ ಹೊಟ್ಟೆ. ಆ ರೈಲು ಹೆಚ್ಚುಕಡಿಮೆ ಒಂದು ವರ್ಷ ಓಡಲೇ ಇಲ್ಲ. ನಮಗೆ 2018ರಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದಾಗ ಹೇಗಿತ್ತು? ಒಂದು ಸಿಮೆಂಟ್ ಮೂಟೆ ತರಿಸಬೇಕಾದರೂ ಸುತ್ತು ಬಳಸು. ಇಡೀ ದೇಶಕ್ಕೆ ಹಾಗಾದರೆ ಹೇಗೆ ಅಂತ ಲೆಕ್ಕ ಹಾಕಿ.

ಆದರೆ ಸಾಮಾನು ಹೇಗೋ ದಾರಿ ಹುಡುಕಿಕೊಂಡು ಹೋಗುತ್ತೆ. ಘಾನಾದ ತೆಮಾ, ಟೋಗೋದ ಲೋಮೆ ಬಂದರುಗಳಿಗೆ ಲೋಡು ತಿರುಗಿತು. ಅಲ್ಲಿ ಲಾರಿಯವರಿಗೆ ಕೈತುಂಬ ಕೆಲಸ. ಲಾಭ ಆಗುವವರೂ ಇದ್ದಾರಾ ಅಂತ ಕೇಳಿದಿರಲ್ಲ, ಇವರೇ ಅವರು. ಆಮೇಲೆ 2010-11ರಲ್ಲಿ ಅದೇ ಐವರಿ ಕೋಸ್ಟಿನಲ್ಲಿ ಚುನಾವಣೆ ಜಗಳ. ಕೋಕೋ ರಫ್ತಿಗೇ ತಡೆ ಬಿತ್ತು, ರೇಟು ಮೂವತ್ತು ವರ್ಷದಲ್ಲಿ ಕಾಣದಷ್ಟು ಏರಿತು. ಮಾಲು ಕಳ್ಳದಾರಿಯಲ್ಲಿ ಘಾನಾಕ್ಕೆ ಹೋಯಿತು. ಘಾನಾದ ಲೆಕ್ಕದಲ್ಲಿ ಆ ವರ್ಷ ಬೆಳೆ 10 ಲಕ್ಷ ಟನ್ ದಾಟಿತು. ಅದರಲ್ಲಿ ಎಷ್ಟು ಅವರ ಗಿಡದ್ದು, ಎಷ್ಟು ಪಕ್ಕದ ಮನೆಯದ್ದು ಅಂತ ನಮ್ಮ ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆವು.

ಆಳುಗಳ ಕಥೆ ಮಾತ್ರ ತಮಾಷೆ ಅಲ್ಲ. ದಂಗೆ ಆದ ಕೂಡಲೇ ಬುರ್ಕಿನಾದವರ ಮೇಲೆ ಅನುಮಾನ. ಪರದೇಶದವರು, ದಂಗೆಕೋರರ ಕಡೆಯವರು ಅಂತ. ಗುಡಿಸಲು ಸುಟ್ಟರು, ತೋಟದಿಂದ ಓಡಿಸಿದರು. ಲಕ್ಷಗಟ್ಟಲೆ ಜನ ವಾಪಸ್ ಹೋದರು. ಬುರ್ಕಿನಾ ಸರ್ಕಾರವೇ ಗಾಡಿ ಮಾಡಿ ಒಂದಷ್ಟು ಜನರನ್ನು ಕರೆಸಿಕೊಂಡಿತು. ಆ ಕೆಲಸಕ್ಕೆ ಬಾಯಿರಿ ಅಂತ ಹೆಸರಿಟ್ಟಿದ್ದರು, ಅವರ ಮಾತಿನಲ್ಲಿ ಹುಟ್ಟಿದ ನಾಡು ಅಂತ ಅರ್ಥ. ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ ಮಗ ಬರಿಗೈಯಲ್ಲಿ ಬಂದು ಊಟಕ್ಕೆ ಕೂತರೆ ಆ ಮನೆಗೆ ಎರಡು ಕಡೆಯಿಂದ ಪೆಟ್ಟು. ಬರೋದು ನಿಂತಿತು, ಖರ್ಚು ಏರಿತು.

ಇನ್ನೊಂದು, ಇದು ಪೂರ್ತಿ ಕಾಫಿಯದ್ದೇ. ಉಗಾಂಡಾ. ಅವರದ್ದೂ ರೊಬಸ್ಟಾ, ಅವರಿಗೂ ಸಮುದ್ರ ಇಲ್ಲ. ಕಾಫಿ ಹೋಗೋದು, ಪೆಟ್ರೋಲ್ ಬರೋದು ಕೀನ್ಯಾದ ಮೊಂಬಾಸಾ ಬಂದರಿನಿಂದ. 2007ರ ಡಿಸೆಂಬರ್ ಕೊನೆಗೆ ಕೀನ್ಯಾದಲ್ಲಿ ಚುನಾವಣೆ ಫಲಿತಾಂಶದ ಮೇಲೆ ಹೊಡೆದಾಟ ಆಯಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು. ನೈರೋಬಿಯ ಕಿಬೆರಾ ಕೊಳೆಗೇರಿಯ ಹತ್ತಿರ ರೈಲು ಹಳಿಯನ್ನೇ ಕಿತ್ತುಹಾಕಿದರು. ಜಗಳ ನೈರೋಬಿಯದ್ದು, ಪೆಟ್ರೋಲ್ ಬಂಕಿನ ಮುಂದೆ ಕ್ಯೂ ಕಂಪಾಲಾದಲ್ಲಿ. ರುವಾಂಡಾದಲ್ಲಿ ಪೆಟ್ರೋಲನ್ನು ಅಳೆದು ಕೊಡಬೇಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಗಡಿ ಎಷ್ಟು ಹತ್ತಿರ ಅಂತ ನೋಡಬೇಡಿ. ನಿಮ್ಮ ಮೂಟೆ ಯಾರ ಅಂಗಳ ದಾಟಿ ಹೋಗುತ್ತೆ ಅಂತ ನೋಡಿ. ನಮ್ಮ ಕಾಫಿಯೇ ಇದೆಯಲ್ಲ, ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಇಟಲಿ, ಜರ್ಮನಿ. ಬಾಬಾ ಬುಡನ್ ಬೀಜ ತಂದರು ಅನ್ನೋ ಯೆಮೆನ್ ದೇಶದಲ್ಲಿ 2014ರಿಂದ ಅಂತರ್ಯುದ್ಧ. 2023ರ ನವೆಂಬರ್‌ನಿಂದ ಅಲ್ಲಿಯ ಹೂತಿ ದಂಗೆಕೋರರು ಕೆಂಪು ಸಮುದ್ರದಲ್ಲಿ ಹಡಗಿಗೆ ಹೊಡೆಯಲು ಶುರು ಮಾಡಿದರು. ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋದವು. ಹತ್ತು ಹದಿನೈದು ದಿನ ಜಾಸ್ತಿ, ಬಾಡಿಗೆ ಜಾಸ್ತಿ. ಈಜಿಪ್ಟಿನ ಸೂಯೆಜ್ ಕಾಲುವೆಗೆ 2023ರಲ್ಲಿ 1,000 ಕೋಟಿ ಡಾಲರ್‌ಗೆ ಮೇಲೆ ಬಂದಿತ್ತು, 2024ರಲ್ಲಿ 400 ಕೋಟಿಗೆ ಇಳಿಯಿತು. ನಮಗೆ ಅದರ ಬಿಸಿ ಅಷ್ಟು ಗೊತ್ತಾಗಲಿಲ್ಲ ಯಾಕೆ ಅಂದ್ರೆ ಅದೇ ಹೊತ್ತಿಗೆ ವಿಯೆಟ್ನಾಂ ಬೆಳೆ ಕಡಿಮೆಯಾಗಿ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಚೀಲಕ್ಕೆ ಹತ್ತು ಸಾವಿರ ದಾಟಿತು. ಗೆದ್ದವರು ಬಾಡಿಗೆ ಲೆಕ್ಕ ಕೇಳೋದಿಲ್ಲ.

ಗೋಣಿಕೊಪ್ಪದ ಹುಡುಗ

ಗುಮಾಸ್ತರೇ, ಚೆನ್ನಾಗಿದೆ. ಆದರೆ ಅಕ್ಕ ಹೇಳಿದ ವಿಷಯದಲ್ಲಿ ಒಂದು ಮಾತು. ಈ ಲೈನ್‌ಮನೆಗಳಲ್ಲಿ ಇರೋರು ಎಷ್ಟು ಜನ ನಿಜವಾಗಿ ಬಂಗಾಳದವರು, ಎಷ್ಟು ಜನ ಆ ಕಡೆಯವರು? ಅಲ್ಲಿ ಗಲಾಟೆ ಆದಾಗಲೆಲ್ಲ ಇಲ್ಲಿ ಜನ ಹೆಚ್ಚುತ್ತಾರೆ. ಮಾತಾಡೋದು ಒಂದೇ ಭಾಷೆ. ನಮಗೆ ಹೇಗೆ ಗೊತ್ತಾಗಬೇಕು? ಅನುಮಾನ ಬಂದರೆ ತಪ್ಪಾ?

ತೋಟದಕ್ಕ, ಸುಂಟಿಕೊಪ್ಪ

ತಪ್ಪಲ್ಲಪ್ಪ, ಕೇಳಬಹುದು. ನಾನೂ ಕೇಳಿದೆ. ಠಾಣೆಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ, ಎಲ್ಲ ಸರಿ ಇದೆ. ಆದರೆ ಆವತ್ತು ಜೆರಾಕ್ಸ್ ಕೇಳಿದಾಗ ಅವನು ಒಂದು ಕಥೆ ಹೇಳಿದ, ಅದನ್ನು ನಿನಗೆ ಹೇಳಬೇಕು.

ಅವನ ಊರು ಛಿಟ್‌ಮಹಲ್ ಅಂತೆ. ಸುತ್ತ ಭಾರತ, ನಡುವೆ ಚಾಪೆ ಹಾಸಿದಷ್ಟು ಜಾಗ ಬಾಂಗ್ಲಾದೇಶ. ರಾಜರ ಕಾಲದಿಂದ ಉಳಿದುಕೊಂಡ ಗೋಜಲು. ಅಂಥವು 51 ಇದ್ದವು. ಅದೇ ರೀತಿ ಆ ದೇಶದೊಳಗೆ ನಮ್ಮವು 111. 2015ರ ಜುಲೈ 31ರ ನಡುರಾತ್ರಿ ಎರಡೂ ದೇಶ ಅದಲು ಬದಲು ಮಾಡಿಕೊಂಡವು. ಇವನು ಮಲಗಿದಾಗ ಒಂದು ದೇಶ, ಎದ್ದಾಗ ಇನ್ನೊಂದು. ಮನೆ ಅದೇ, ಬಾವಿ ಅದೇ. ಅದಕ್ಕೆ ಮೊದಲು ಶಾಲೆಗೆ ಸೇರಬೇಕಾದರೆ ಯಾರದೋ ಅಪ್ಪನ ಹೆಸರು ಬರೆಸಬೇಕಿತ್ತಂತೆ. ಅವನ ಕಾರ್ಡು ಬಂದದ್ದೇ ಆಮೇಲೆ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅದನ್ನು ಮತ್ತೊಂದು ಕವರಿಗೆ ಹಾಕಿ, ಅಕ್ಕಿ ಡಬ್ಬದಲ್ಲಿ ಇಡುತ್ತಾನೆ. ಜೆರಾಕ್ಸಿಗೆ ಅಂತ ತೆಗೆದಾಗ ಅದರ ತುಂಬ ಅಕ್ಕಿ ಹಿಟ್ಟು.

2024ರ ಆಗಸ್ಟ್ ಆದಮೇಲೆ ಅವನ ಹೆಂಡತಿ ಸಂತೆಗೆ ಹೋಗೋದು ನಿಲ್ಲಿಸಿದಳು. ಮೀನಿನ ಅಂಗಡಿ ಹತ್ತಿರ ಯಾರೋ 'ಬಾಂಗ್ಲಾ' ಅಂದರಂತೆ. ಈಗಲೂ ನಮ್ಮ ಮನೆಯವರು ಹೋದಾಗ ಅವಳ ಸಾಮಾನಿನ ಚೀಟಿಯನ್ನೂ ತೆಗೆದುಕೊಂಡು ಹೋಗುತ್ತಾರೆ. ಗುಮಾಸ್ತರು ಹೇಳಿದ ಬುರ್ಕಿನಾದ ಕಥೆ ಓದಿ ನನಗೆ ಇದೇ ನೆನಪಾಯಿತು. ಅಷ್ಟು ದೊಡ್ಡದಲ್ಲ, ನಿಜ. ಆದರೆ ಬಗೆ ಅದೇ.

ಸಂಪಾಜೆ ಅಡಿಕೆ

ಕಾಫಿಯವರ ನಡುವೆ ಒಬ್ಬ ಅಡಿಕೆಯವನು ಬಾಯಿ ಹಾಕಬಹುದಾ?

ನಮಗೆ ತಲೆನೋವು ಬರ್ಮಾದ್ದು, ಈಗಿನ ಮ್ಯಾನ್ಮಾರ್. ಅಲ್ಲಿ 2021ರ ಫೆಬ್ರುವರಿ 1ಕ್ಕೆ ಸೈನ್ಯ ಅಧಿಕಾರ ಕಿತ್ತುಕೊಂಡಿತು, ಆಮೇಲೆ ದೇಶದ ತುಂಬ ಕಾಳಗ. ಗಡಿಯಲ್ಲಿ ಹೇಳೋರು ಕೇಳೋರು ಇಲ್ಲ ಅಂದ್ರೆ ಏನಾಗುತ್ತೆ? ಮಿಜೋರಾಂ ದಾರಿಯಲ್ಲಿ ಕಳ್ಳ ಅಡಿಕೆ ಒಳಗೆ ಬರುತ್ತೆ. ಕಳ್ಳಸಾಗಣೆ ಮೊದಲೂ ಇತ್ತು, ಸುಳ್ಳು ಹೇಳಬಾರದು. ಸರ್ಕಾರ 2023ರ ಫೆಬ್ರುವರಿಯಲ್ಲಿ ಆಮದು ಅಡಿಕೆಗೆ ಕನಿಷ್ಠ ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿ ಮಾಡಿತು. ಅದು ಬಿಲ್ಲು ಹಾಕಿ ತರುವವನಿಗೆ. ರಾತ್ರಿ ಹೊಳೆ ದಾಟಿಸುವವನಿಗೆ ಯಾವ ಬೆಲೆ?

ಅದೇ ಬರ್ಮಾದಿಂದ ನಮಗೆ ಉದ್ದು ಬರುತ್ತೆ. ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ಅಂತ 2021ರಲ್ಲೇ ಒಪ್ಪಂದ ಆಗಿತ್ತು. ಅಕ್ಕಾ, ನಿಮ್ಮ ಹೋಮ್‌ಸ್ಟೇಯ ದೋಸೆ ಹಿಟ್ಟಿನಲ್ಲೂ ಬರ್ಮಾ ಇರಬಹುದು. ಉದ್ದು ಹಾಕದ ಅಕ್ಕಿ ಕಡಂಬುಟ್ಟು ಮಾಡಿ, ಕ್ಷೇಮ.

ಮತ್ತೆ ಸಿಲೋನ್ ವಿಷಯ ಯಾರೂ ತೆಗೆಯಲಿಲ್ಲ. ನಮ್ಮ ಘಟ್ಟ ಇಳಿದರೆ ಸುಳ್ಯ, ಪುತ್ತೂರು. ಅಲ್ಲಿಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವ ಸಂಸಾರಗಳಿವೆ. ಅವರ ಅಜ್ಜಂದಿರು ಲಂಕೆಯ ಟೀ ತೋಟದಲ್ಲಿದ್ದವರು. ಅಲ್ಲಿ 1948ರ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ, ಲಂಕೆಯ ಪ್ರಧಾನಿ ಸಿರಿಮಾವೋ ಕೂತು 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು ಅಂತ ಒಪ್ಪಿದರು. ಅವರಿಗೆ ಕೆಲಸ ಕೊಡಲು ಅಂತಲೇ ಆ ರಬ್ಬರ್ ನೆಟ್ಟದ್ದು. ನಮ್ಮಪ್ಪ ಅವರನ್ನು 'ಸಿಲೋನಿನವರು' ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ನನ್ನ ಮಗನಿಗೆ ಅವರಲ್ಲಿ ಒಬ್ಬ ಕ್ರಿಕೆಟ್ ಟೀಮಿನ ವಿಕೆಟ್ ಕೀಪರ್, ಅಷ್ಟೇ.

ಮೆಣಸು ರೇಟು ಗೊತ್ತಿರೋರು ಯಾರಾದರೂ ಕೆಳಗೆ ಹಾಕಿ ಮಾರಾಯ್ರೇ.

ಶಾಲೆ ಮೇಡಂ, ಸಿದ್ದಾಪುರ

ಎಲ್ಲರೂ ದುಡ್ಡಿನ ಕಡೆಯಿಂದ ನೋಡುತ್ತಿದ್ದೀರಿ. ನನ್ನ ತರಗತಿಯಲ್ಲಿ 19 ಮಕ್ಕಳು. ಅದರಲ್ಲಿ 8 ಮಕ್ಕಳ ಅಪ್ಪ ಅಮ್ಮ ಅಸ್ಸಾಂ ಕಡೆಯವರು. ಇವರು ಬಾರದಿದ್ದರೆ ನಮ್ಮ ಶಾಲೆ ಉಳಿಯೋದೇ ಕಷ್ಟ ಇತ್ತು. ಬಂದ ಜನ ಬರೀ ಹೊರೆ ಅನ್ನುವ ಮಾತನ್ನು ನಾನು ಅಷ್ಟು ಬೇಗ ಒಪ್ಪೋದಿಲ್ಲ.

ಆದರೆ ಹೊರೆ ಅನ್ನೋದು ಸುಳ್ಳೂ ಅಲ್ಲ. ಅದು ಎಷ್ಟು ಬೇಗ, ಎಷ್ಟು ಜನ ಅನ್ನೋದರ ಮೇಲೆ. ಸಿರಿಯಾದಲ್ಲಿ 2011ರಿಂದ ಕಾಳಗ. ಪಕ್ಕದ ಲೆಬನಾನ್ ನಮ್ಮ ಒಂದೆರಡು ಜಿಲ್ಲೆ ಸೇರಿಸಿದಷ್ಟು ದೇಶ. ಒಂದು ಹಂತದಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರು ಸಿರಿಯಾದವರು. ಶಾಲೆಗಳಲ್ಲಿ ಬೆಳಿಗ್ಗೆ ಲೆಬನಾನಿನ ಮಕ್ಕಳು, ಮಧ್ಯಾಹ್ನದ ಮೇಲೆ ಸಿರಿಯಾದ ಮಕ್ಕಳು, ಹೀಗೆ ಎರಡು ಪಾಳಿ. ಅದೇ ಬೆಂಚು, ಅದೇ ಬೋರ್ಡು. ಒಂದೇ ಪಾಳಿಯಲ್ಲಿ ಸಂಜೆ ಹೊತ್ತಿಗೆ ನನ್ನ ಗಂಟಲು ಕಟ್ಟಿರುತ್ತೆ. ಎರಡನೇ ಪಾಳಿ ಅಂದ್ರೆ ಏನು ಅಂತ ನನ್ನನ್ನು ಕೇಳಿ.

ಸಂಪಾಜೆಯವರು ಮಿಜೋರಾಂ ಅಂದಿರಿ. ಅಲ್ಲಿಗೆ ಬರ್ಮಾದಿಂದ 30,000ಕ್ಕೂ ಜಾಸ್ತಿ ಚಿನ್ ಜನ ಓಡಿ ಬಂದರು. ಚಿನ್ನರೂ ಮಿಜೋಗಳೂ ಒಂದೇ ಬಳಗ, ಗಡಿ ನಡುವೆ ಬಂದದ್ದು ಆಮೇಲೆ. ದೆಹಲಿ ಬೇಡ ಅಂದರೂ ಮಿಜೋರಾಂ ಜಾಗ ಕೊಟ್ಟಿತು, 2021ರಲ್ಲೇ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಹೇಳಿತು. ಕೇರಳ ಗಡಿಯ ಕುಟ್ಟದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ವಯನಾಡಿನಲ್ಲಿ ನೆಂಟರಿಲ್ಲದ ಮನೆ ಅಲ್ಲಿ ಎಷ್ಟಿದೆ?

ಹಳೇ ಗುಮಾಸ್ತ, ಕುಶಾಲನಗರ

ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಊರಿನ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಅಲ್ಲಿಂದ ಬೈಲಕುಪ್ಪೆ. 1959ರ ಮಾರ್ಚಿನಲ್ಲಿ ಲಾಸಾದಲ್ಲಿ ದಂಗೆ ಆಯಿತು, ದಲೈ ಲಾಮಾ ಭಾರತಕ್ಕೆ ಬಂದರು. ಎರಡು ವರ್ಷದಲ್ಲಿ ಟಿಬೆಟಿನವರು ಇಲ್ಲಿ ಕಾಡು ಕಡಿಯುತ್ತಿದ್ದರು. ನಾನು ಹುಡುಗನಾಗಿದ್ದಾಗ ಅವರು ಜೋಳ ಬೆಳೆದು, ಚಳಿಗಾಲ ಬಂದರೆ ಊರೂರಿಗೆ ಸ್ವೆಟರ್ ಮಾರಲು ಹೋಗುತ್ತಿದ್ದರು. ಈಗ ಕೊಪ್ಪ ಗೇಟಿನ ಹತ್ತಿರ ಭಾನುವಾರ ಹೋಗಿ ನಿಲ್ಲಿ. ಚಿನ್ನದ ದೇವಸ್ಥಾನ ನೋಡಲು ಬರುವ ಕಾರುಗಳ ಸಾಲು, ಆಟೋದವರ ಕೂಗಾಟ. ನನ್ನ ತಂಗಿ ಮಗ ಆಟೋ ಓಡಿಸಿಯೇ ಮನೆ ಕಟ್ಟಿದ. ಲಾಸಾ ಎಲ್ಲಿ, ಕುಶಾಲನಗರ ಎಲ್ಲಿ. ಅರವತ್ತು ವರ್ಷ ಆಯಿತು, ಬಂದವರು ವಾಪಸ್ ಹೋಗಲಿಕ್ಕೆ ಆಗಲಿಲ್ಲ, ಅದು ಬೇರೆ ಮಾತು.

ಮೆಣಸು ರೇಟು ಬೆಳಿಗ್ಗೆ ಕೇಳಿ ಹಾಕುತ್ತೇನೆ.

ತೋಟದಕ್ಕ, ಸುಂಟಿಕೊಪ್ಪ

ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಪೂರ್ತಿ ಓದಿ ಹೇಳಿದೆ. ಬುರ್ಕಿನಾ ಎಲ್ಲಿದೆ ಅಂತ ಕೇಳಿದರು, ಅಷ್ಟಾದರೂ ಆಯಿತು.

ಗಡಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲವೇ ದಿನದಲ್ಲಿ ಲಾರಿ ಮತ್ತೆ ಓಡಿತು, ಆದರೆ ಮನಸ್ಸು ಕೆಟ್ಟದ್ದು ಹಾಗೇ ಉಳಿಯಿತು. ನಮ್ಮವರು ಅವರಿಗೆ ವೀಸಾ ಕೊಡೋದು ಕಡಿಮೆ ಮಾಡಿದರು. ಕೋಲ್ಕತ್ತಾದ ಆಸ್ಪತ್ರೆಗಳಿಗೆ, ನ್ಯೂ ಮಾರ್ಕೆಟ್ ಸುತ್ತಲಿನ ಹೋಟೆಲುಗಳಿಗೆ ಬಾಂಗ್ಲಾದೇಶದ ಜನ ಬರೋದು ಬಹಳ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಅವರು ನಮ್ಮ ನೂಲು ರಸ್ತೆ ಗಡಿಯಲ್ಲಿ ಬೇಡ ಅಂದರು. ಮೇ 17ಕ್ಕೆ ನಮ್ಮವರು ಅವರ ಸಿದ್ಧ ಉಡುಪು ಬಂದರಿನಲ್ಲಿ ಮಾತ್ರ ಬರಲಿ ಅಂದರು. ಹಣ್ಣಿನ ಜ್ಯೂಸು, ಬಿಸ್ಕತ್ತು, ಪ್ಲಾಸ್ಟಿಕ್, ಮರದ ಕುರ್ಚಿ ಮೇಜು ಯಾವ್ಯಾವ ಗಡಿಯಲ್ಲಿ ಬರಬಾರದು ಅಂತ ಒಂದು ಪಟ್ಟಿ ಮಾಡಿದರು. ಅದರಲ್ಲಿ ಚಂಗ್ರಾಬಾಂಧಾ ಹೆಸರೇ ಇತ್ತು. ನನ್ನ ಮೊಬೈಲಿನಲ್ಲಿ ಆ ಸುದ್ದಿ ತೋರಿಸಿದಾಗ ಅವನು ಊರಿನ ಹೆಸರು ಮಾತ್ರ ಎರಡು ಸಲ ಓದಿದ. ಭೂತಾನಿನಿಂದ ಆ ಕಡೆಗೆ ಕಲ್ಲು ಹೊತ್ತ ಲಾರಿ ಅದೇ ದಾರಿಯಲ್ಲಿ ಹೋಗುತ್ತವೆ, ಅದಷ್ಟೇ ನಡೀತಾ ಇದೆ ಅಂದ. ಕಲ್ಲನ್ನು ಯಂತ್ರ ಇಳಿಸುತ್ತೆ, ಅದಕ್ಕೆ ಆಳು ಬೇಡ.

ಹಾಗಾಗಿ ಈ ಸಲ ಕೊಯ್ಲಿಗೆ ತಮ್ಮನೂ ಬಂದಿದ್ದಾನೆ. ಮೊದಲನೇ ದಿನ ಕಾಫಿ ಕುಯ್ಯಲು ಬಿಟ್ಟರೆ ರೆಕ್ಕೆ, ಅಂದ್ರೆ ಗಿಡದ ಕೊಂಬೆ, ಸಮೇತ ಕಿತ್ತು ಹಾಕಿದ. ನಾನು ಬೈದೆ. ಮಧ್ಯಾಹ್ನ ಕಣಕ್ಕೆ ಚೀಲ ಸಾಗಿಸುವ ಹೊತ್ತು. ನಮ್ಮವರು ಇಬ್ಬರು ಸೇರಿ ಎತ್ತುವ ಚೀಲವನ್ನು ಆತ ಒಂದು ಮಂಡಿ ಬಗ್ಗಿಸಿ, ಹೆಗಲಿಗೆ ಉರುಳಿಸಿಕೊಂಡು, ಜಾರುವ ಇಳಿಜಾರಿನಲ್ಲಿ ಹತ್ತಿ ಹೋದ. ಉಸಿರೂ ಏರಲಿಲ್ಲ. ಅಣ್ಣ ನನ್ನ ಮುಖ ನೋಡಿ ಸ್ವಲ್ಪ ಹೆಮ್ಮೆಯಲ್ಲೇ ನಕ್ಕ.

ಮೆಣಸು ಮುಗಿಯುವ ತನಕ ಇರ್ತಾನಾ ಅಂತ ಕೇಳಿದ್ದೇನೆ. ಬಾರ್ಡರ್ ನೋಡಿ ಹೇಳ್ತಾನಂತೆ. ಈಗ ಸಂಜೆ ಆದರೆ ಬಂಡೆ ಮೇಲೆ ಇಬ್ಬರು ನಿಂತಿರುತ್ತಾರೆ.